ನಕ್ಷೆಗೆ ಚುಕ್ಕೆ ಇಡದವರು

"ಈ ಹಳದಿ ಬಣ್ಣ ಯಾರು ಬಳಿದಿದ್ದು?"

ನಕ್ಷೆ ಬರೆಯುವವಳಾಗಿ ಆಫೀಸಿಗೆ ಸೇರಿ ನನಗಿನ್ನೂ ಒಂದು ವಾರವೂ ಆಗಿರಲಿಲ್ಲ. ಬೆನ್ನ ಹಿಂದೆ ಅಚ್ಚ ಮೈಸೂರು ಕನ್ನಡ ಕೇಳಿ ಕೈಯಲ್ಲಿದ್ದ ಇಂಕಿನ ಪೆನ್ನು ಜಾರಿತು. ಮೇರಿಲ್ಯಾಂಡಿನ ಆ ಆಫೀಸಿನಲ್ಲಿ ಕನ್ನಡದವರು ಇನ್ನೊಬ್ಬರು ಇದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅವರೋ ನನ್ನ ಹೆಸರಿನಿಂದಲೇ ಊರು ಪತ್ತೆಹಚ್ಚಿಕೊಂಡು ನೇರ ನನ್ನ ಮೇಜಿಗೆ ಬಂದಿದ್ದರು.

"ನಾನೇ ಬಳಿದಿದ್ದು" ಎಂದೆ.

"ಹಳದಿ ಅಂದ್ರೆ ಏನು?"

"ಖಾಲಿ ಜಾಗ, ಮೇಡಂ. ಮನೆ, ಹೊಲ, ರಸ್ತೆ ಏನೂ ಇಲ್ದಿರೋ ಕಡೆ ಹಳದಿ ಹಾಕು ಅಂದಿದಾರೆ."

"ನೀನು ಹೋಗಿ ನೋಡಿದ್ಯಾ ಆ ಜಾಗಾನ?"

"ಇಲ್ಲ."

"ಮತ್ತೆ ಖಾಲಿ ಅಂತ ಹೇಗೆ ಗೊತ್ತಾಯ್ತು?"

ನಾನು ಜಾರಿದ ಪೆನ್ನನ್ನು ಹೆಕ್ಕಿಕೊಂಡೆ. ಅವರಿಗೆ ಉತ್ತರವೂ ಬೇಕಿರಲಿಲ್ಲ. "ಊಟಕ್ಕೆ ಏನ್ ತಂದಿದೀಯ? ಮೊಸರನ್ನ ಇದೆ, ಬಾ" ಎಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಎಪ್ಪತ್ತರ ದಶಕದಲ್ಲಿ ನಮ್ಮ ಪರಿಚಯ ಆದದ್ದು ಹೀಗೆ.

ಹೋದ ತಿಂಗಳು ಕೆರೊಲಿನಾದ ಏಪೆಕ್ಸ್‌ನಿಂದ ಅವರ ಮಗಳ ಫೋನ್ ಬಂತು. "ಆಂಟಿ, ಅಮ್ಮ ಹೋಗ್ಬಿಟ್ರು. ನಿದ್ದೆಯಲ್ಲೇ. ಪೇನ್ ಏನೂ ಇರ್ಲಿಲ್ಲ." ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಿಂದ ನಾನು ಹೊರಟು ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಮನೆಯ ತುಂಬ ಜನ. ಅವರಲ್ಲಿ ಅರ್ಧದಷ್ಟು ಮಂದಿ ನಮ್ಮವರಲ್ಲ, ಕೆರೊಲಿನಾದ ಒಂದು ಹೊಳೆಯ ದಂಡೆಯಿಂದ ಬಂದ ಮೂಲನಿವಾಸಿ ಕುಟುಂಬಗಳವರು. ಆ ಜನಕ್ಕೂ ಮೇಡಂಗೂ ನಂಟು ಹೇಗೆ ಬೆಳೆಯಿತೆಂದು ಅಲ್ಲಿದ್ದ ನಮ್ಮ ಕಡೆಯ ಹುಡುಗರು ಕೇಳಿದರು. ಆ ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೇಡಂ ಹೆಸರನ್ನಾಗಲಿ, ಆ ಹೊಳೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಒಂದು ತಿಳಿದರೆ ಇನ್ನೊಂದನ್ನು ಹುಡುಕುವುದು ಸುಲಭ. ಹಾಗೆ ಯಾರೂ ಹುಡುಕಿಕೊಂಡು ಹೋಗಬಾರದೆಂದೇ ಅವರು ಜಗಳವಾಡಿದ್ದು.

ಮೇಡಂ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಮದುವೆಗೆ ಮುಂಚೆ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿದ್ದರಿಂದ ಕೊನೆಯ ಬೆಂಚಿಗೆ ಮುಟ್ಟುವ ದನಿ ಅವರಿಗೆ ಕೊನೆಯವರೆಗೂ ಉಳಿದಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಕೆಸರಿಗೆ ಇಳಿಯುವಾಗಲೂ ಸೀರೆಯೇ. ನೆರಿಗೆ ಎತ್ತಿ ಕಟ್ಟಿ, ಕೆಳಗೆ ಗಂಡಸರ ಗಂಬೂಟು ಹಾಕುತ್ತಿದ್ದರು. ಗೊತ್ತಿಲ್ಲದ ಎಲೆ ಸಿಕ್ಕರೆ ಮೊದಲು ಮೂಸಿ, ಆಮೇಲೆ ತುದಿಯನ್ನು ಹಲ್ಲಿನಲ್ಲಿ ಕಚ್ಚುವ ಕೆಟ್ಟ ಅಭ್ಯಾಸವಿತ್ತು. ಒಮ್ಮೆ ತುಟಿ ಊದಿಕೊಂಡು ಡಾಕ್ಟರಾದ ಗಂಡನಿಂದಲೇ ಬೈಸಿಕೊಂಡರು. ಕಾರು ಓಡಿಸುವುದಂತೂ ಭಯಂಕರ. ಫ್ರೀವೇ ಮಧ್ಯೆ ದಾರಿ ಬದಿಯ ಗಿಡ ಕಂಡು ಬ್ರೇಕ್ ಹಾಕುತ್ತಿದ್ದರು. ಹಿಂದಿನವನು ಹಾರನ್ ಹೊಡೆದರೆ, "ಅವನಿಗೇನು ಅರ್ಜೆಂಟೋ ಪಾಪ" ಎನ್ನುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ನಕ್ಷೆಯ ಮೇಲಿನ ನನ್ನ ಅಕ್ಷರ ಒಂದು ಕೂದಲಷ್ಟು ವಾಲಿದರೂ ಹಾಳೆ ಪೂರ್ತಿ ಮತ್ತೆ ಬರೆಸುತ್ತಿದ್ದರು. ಆದರೆ ಎದುರಿಗಿದ್ದವರು ಮಾತಾಡದಿದ್ದರೆ ತಾವೂ ಮಾತಾಡದೆ ಕೂತಿರಬಲ್ಲ ಅಪರೂಪದ ಶಕ್ತಿ ಅವರಿಗಿತ್ತು. ಅದನ್ನು ಕಲಿತದ್ದು ಹ್ಯಾಲಿಫ್ಯಾಕ್ಸ್‌ನಲ್ಲಿ ಎಂದು ಹೇಳುತ್ತಿದ್ದರು.

ಅಮೆರಿಕಕ್ಕೆ ಬರುವ ಮುನ್ನ ಗಂಡನಿಗೆ ಕೆನಡಾದ ಆ ಊರಿನಲ್ಲಿ ಆಸ್ಪತ್ರೆಯ ತರಬೇತಿ. ಇವರಿಗೆ ಅಲ್ಲೊಂದು ಸರ್ವೆ ಕೆಲಸ ಸಿಕ್ಕಿತು. ಕಡಲ ಹಿನ್ನೀರಿನ ಪಕ್ಕ ಒಂದು ಕಾರ್ಖಾನೆ ಕಟ್ಟುವವರಿದ್ದರು. ಅಲ್ಲಿ ಏನೇನು ಬೆಳೆಯುತ್ತದೆ ಎಂದು ಬರೆದುಕೊಡುವುದು ಇವರ ಪಾಲಿಗೆ ಬಂದಿತ್ತು. ಆ ಹಿನ್ನೀರಿನ ಸುತ್ತ ಮಿಗ್ಮಾ ಎಂಬ ಮೂಲನಿವಾಸಿ ಜನರ ಮನೆಗಳು. ಪುಸ್ತಕದಲ್ಲಿ ನೋಡಿ ನಾನು 'ಮಿಕ್‌ಮ್ಯಾಕ್' ಎಂದರೆ ತಕ್ಷಣ ತಿದ್ದುತ್ತಿದ್ದರು. ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಹಾವುಮೀನು ಚುಚ್ಚುವವರು, ಬೇಸಿಗೆಯಲ್ಲಿ ಜೌಗಿನ ಅಂಚಿನಿಂದ ಸುವಾಸನೆಯ ಹುಲ್ಲು ಕೊಯ್ಯುವವರು, ಒಂದು ಜಾತಿಯ ಮರದ ದಿಮ್ಮಿಯನ್ನು ಕೊಡತಿಯಿಂದ ಬಡಿದು ಪಟ್ಟಿಪಟ್ಟಿಯಾಗಿ ಬಿಡಿಸಿ ಬುಟ್ಟಿ ಹೆಣೆಯುವವರು ಅವರು. ಅಲ್ಲಿ ಬುಟ್ಟಿ ಹೆಣೆಯುವ ಒಬ್ಬ ಹೆಂಗಸಿನ ಹತ್ತಿರ ಹೋಗಿ ಇವರು ದೊಡ್ಡ ಆಫೀಸರಂತೆ ಕೇಳಿದರಂತೆ: "ಈ ಜಾಗ ನಿಮಗೆ ಯಾವುದಕ್ಕೆ ಉಪಯೋಗ?"

ಆಕೆ ಕೆಲಸ ನಿಲ್ಲಿಸದೆ ಹೇಳಿದಳಂತೆ: "ನಿನ್ನ ಅಡುಗೆಮನೆ ನಿನಗೆ ಯಾವುದಕ್ಕೆ ಉಪಯೋಗ?"

"ನಂಗೆ ಕಪಾಳಕ್ಕೆ ಹೊಡೆದ ಹಾಗಾಯ್ತು ಕಣಮ್ಮ" ಎಂದು ನಗುತ್ತ ಹೇಳುತ್ತಿದ್ದರು. "ಮಾರನೇ ದಿನ ಸುಮ್ನೆ ಹೋಗಿ ಕೂತ್ಕೊಂಡೆ. ಅದರ ಮಾರನೇ ದಿನಾನೂ. ಆಮೇಲೆ ಅವಳೇ 'ಹುಲ್ಲು ಕುಯ್ಯಕ್ಕೆ ಬರ್ತೀಯಾ' ಅಂದ್ಳು."

ಎರಡು ಬೇಸಿಗೆ ಆಕೆಯ ಜತೆ ಓಡಾಡಿ ಇವರು ಪ್ರಶ್ನೆ ಕೇಳುವುದನ್ನೇ ಬದಲಾಯಿಸಿಕೊಂಡರು. ಹೋದ ವಸಂತದಲ್ಲಿ ಎಲ್ಲಿಗೆ ಹೋಗಿದ್ದಿರಿ, ಜತೆಗೆ ಯಾರಿದ್ದರು, ಏನು ತಂದಿರಿ, ತಂದದ್ದನ್ನು ಯಾರ್ಯಾರಿಗೆ ಕೊಟ್ಟಿರಿ? ಹೀಗೆ ಕೇಳಿದರೆ ನೆಲ ತಾನೇ ಮಾತಾಡುತ್ತದೆ ಎಂಬುದು ಅವರ ನಂಬಿಕೆ. ಒಬ್ಬನು ಹಿಡಿದ ಹಾವುಮೀನು ಅಜ್ಜಿಗೆ, ಕಾಲುಮುರಿದ ನೆರೆಯವನಿಗೆ, ಹೊಸ ಬಾಣಂತಿಗೆ ಹಂಚಿಹೋಗಿರುತ್ತಿತ್ತು. ಅದನ್ನೆಲ್ಲ ಬರೆದರೆ 'ಒಬ್ಬ ಮನುಷ್ಯ ಅಪರೂಪಕ್ಕೆ ಮೀನು ಹಿಡಿಯುವ ಜಾಗ' ಎಂದು ಯಾರೂ ತಳ್ಳಿಹಾಕುವಂತಿರಲಿಲ್ಲ.

ಈ ಹಟಕ್ಕೆ ಇನ್ನೂ ಹಿಂದಿನ ಒಂದು ಕಾರಣವನ್ನು ಒಮ್ಮೆ ಮಾತ್ರ ಹೇಳಿದ್ದರು, ಕಾರಿನಲ್ಲಿ. ಅವರ ತಂದೆ ಚಾಮರಾಜನಗರದ ಕಡೆ ಅರಣ್ಯ ಇಲಾಖೆಯ ರೇಂಜರು. ಮನೆಯ ಗೋಡೆಯ ಮೇಲೆ ಕಾಡಿನ ನಕ್ಷೆ ಇತ್ತು, ಪೂರ್ತಿ ಹಸಿರು. ಜೇನು ತರುತ್ತಿದ್ದ ಸೋಲಿಗರ ಒಂದು ಪೋಡೂ, ಅಂದರೆ ಹಾಡಿಯೂ, ಅದರಲ್ಲಿರಲಿಲ್ಲ. "ಇವರ ಮನೆ ಎಲ್ಲಣ್ಣ ಇದ್ರಲ್ಲಿ ಅಂತ ಅಪ್ಪನ್ನ ಕೇಳಿದೆ. ನಾವು ಅಪ್ಪನ್ನ ಅಣ್ಣ ಅಂತಿದ್ವಿ. ಅವರು ಒಳ್ಳೆಯವರೇ. 'ಅದಕ್ಕೆ ಬಣ್ಣ ಇಲ್ಲ ಮಗು' ಅಂದ್ರು."

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಅಮೆರಿಕದಲ್ಲಿ ದೊಡ್ಡ ಅಣೆಕಟ್ಟು, ಹೆದ್ದಾರಿ ಕಟ್ಟುವ ಮೊದಲು ಪರಿಸರಕ್ಕೆ ಏನಾಗುತ್ತದೆಂದು ವರದಿ ಬರೆಯಬೇಕೆಂಬ ಕಾನೂನು ಹೊಸದಾಗಿ ಬಂದಿತ್ತು. ನಮ್ಮ ಆಫೀಸು ಅಂಥ ವರದಿಗಳನ್ನು ಬರೆದುಕೊಡುತ್ತಿತ್ತು. ನಾನು ಹಳದಿ ಬಳಿದಿದ್ದ ನಕ್ಷೆ, ಕೆರೊಲಿನಾದ ಹೊಳೆಯೊಂದಕ್ಕೆ ವಿದ್ಯುತ್ ಕಂಪನಿ ಕಟ್ಟಬೇಕೆಂದಿದ್ದ ಅಣೆಕಟ್ಟಿನದು. ಹೊಳೆಯ ಇಕ್ಕೆಲದಲ್ಲಿ ಒಂದು ಮೂಲನಿವಾಸಿ ಸಮುದಾಯವಿತ್ತು. ಅವರಿಗೆ ಮೀಸಲು ಭೂಮಿ ಇಲ್ಲ, ವಾಷಿಂಗ್ಟನ್ನಿನ ಸರ್ಕಾರದ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಮೇಡಂ ಹಟ ಹಿಡಿದು ವರದಿಯಲ್ಲಿ ಆ ಜನರ ಅಧ್ಯಾಯವನ್ನು ತಾವೇ ಬರೆಯುವುದಾಗಿ ವಹಿಸಿಕೊಂಡರು. ನಕ್ಷೆಗೆಂದು ನನ್ನನ್ನೂ ಜತೆಗೆ ಕರೆದುಕೊಂಡು ಹೊರಟರು.

ಚರ್ಚಿನ ಸಭಾಂಗಣದಲ್ಲಿ ಆ ಜನ ನಮ್ಮನ್ನು ಮರ್ಯಾದೆಯಿಂದ ಕೂರಿಸಿ ತಣ್ಣನೆಯ ಸಿಹಿ ಟೀ ಕೊಟ್ಟರು. ಚರ್ಚಿನ ಹಿರಿಯರೊಬ್ಬರು, ಅಗಲ ಭುಜದ ಮೃದು ಮಾತಿನ ಮುದುಕರು, ಸಮುದಾಯದ ಪರವಾಗಿ ಹೇಳಿದರು: "ಹೊಳೆಯಲ್ಲಿ ನಾವು ಅಂಥದ್ದೇನೂ ಮಾಡುವುದಿಲ್ಲ, ಅಮ್ಮ." ಎರಡನೇ ಸಲ ಹೋದಾಗಲೂ ಟೀ, ಅದೇ ಮಾತು.

ವಾಪಸು ಬರುವಾಗ ನಾನು, "ಸುಳ್ಳು ಹೇಳ್ತಿದಾರೆ ಅನ್ಸತ್ತೆ ಮೇಡಂ" ಎಂದೆ.

"ಸುಳ್ಳಲ್ಲ. ನಮಗೆ ಹೇಳ್ತಿಲ್ಲ, ಅಷ್ಟೆ. ನಾವ್ಯಾರು ಅಂತ ಅವರಿಗೆ ಏನ್ ಗೊತ್ತು?"

ಅವರ ಬಾಯಿ ಕಟ್ಟಿಸಿದ್ದ ಸಂಗತಿ ಆಮೇಲೆ ತಿಳಿಯಿತು. ಹಿಂದೆ ಯಾರೋ ಬಂದು ಹೊಳೆದಂಡೆಯ ಹಳೆಯ ಮಡಕೆಗಳ ಬಗ್ಗೆ, ಜಾಗದ ಗುರುತು ಸಮೇತ, ಪತ್ರಿಕೆಯಲ್ಲಿ ಬರೆದಿದ್ದರು. ಆ ವರ್ಷವೇ ಹೊರಗಿನವರು ಗುದ್ದಲಿ ತಂದು ಅಜ್ಜ ಅಜ್ಜಿಯರ ಗೋರಿಗಳನ್ನು ಅಗೆದುಹಾಕಿದ್ದರು.

ಮೇಡಂ ಬಾಸ್ಟನ್ನಿಗೆ ಫೋನ್ ಮಾಡಿದರು. ಆ ಮಿಗ್ಮಾ ಹೆಂಗಸು ಈಗ ಅಲ್ಲಿ ಮಗಳ ಮನೆಯಲ್ಲಿದ್ದರು. "ನಂಗೆ ಬಾಗಿಲು ತೆಗೀತಿಲ್ಲ. ನೀನು ಬರ್ತೀಯಾ?" ಎಂದು ಕೇಳಿದರು. ಆಕೆ ಬಂದರು, ಕುಳ್ಳಗೆ, ದಪ್ಪ ಕನ್ನಡಕ, ತೊಡೆಯ ಮೇಲೊಂದು ಚೀಲ. ಮೂವರೂ ಸ್ಟೇಷನ್ ವ್ಯಾಗನ್ನಿನಲ್ಲಿ ಕೆರೊಲಿನಾಕ್ಕೆ ಹೊರಟೆವು. ದಾರಿಯಲ್ಲಿ ಇವರು ಎರಡು ಸಲ ಗಿಡ ಕಂಡು ಬ್ರೇಕ್ ಹಾಕಿದಾಗ ಆಕೆ ನನ್ನತ್ತ ತಿರುಗಿ, "ಈಕೆ ಹ್ಯಾಲಿಫ್ಯಾಕ್ಸ್‌ನಲ್ಲೂ ಹೀಗೇ ನನ್ನನ್ನು ಕೊಲ್ಲಲು ನೋಡಿದ್ದಳು" ಎಂದರು.

ಅವತ್ತು ಸಭಾಂಗಣದಲ್ಲಿ ಯಾರೂ ಹೊಳೆಯ ಮಾತೆತ್ತಲಿಲ್ಲ. ಮಿಗ್ಮಾ ಹೆಂಗಸು ಚೀಲದಿಂದ ಮರದ ಪಟ್ಟಿಗಳನ್ನು ತೆಗೆದು ಅರ್ಧ ಹೆಣೆದ ಬುಟ್ಟಿಯನ್ನು ಮುಂದುವರಿಸಿದರು. ಚರ್ಚಿನ ಹಿರಿಯರ ತಂಗಿಯೂ ಬುಟ್ಟಿ ಹೆಣೆಯುವವರು. ಸ್ವಲ್ಪ ಹೊತ್ತು ದೂರದಿಂದ ನೋಡಿದ ಆಕೆ ಎದ್ದು ಬಂದು, ಕೇಳದೆಯೇ ಮಿಗ್ಮಾ ಹೆಂಗಸಿನ ಹೆಬ್ಬೆರಳು ಹಿಡಿದು ತಿರುಗಿಸಿ ನೋಡಿದರು. ಮರದ ಸೀಳು ಕೊಯ್ದ ಹಳೆಯ ಗೆರೆಗಳು. ತಮ್ಮ ಹೆಬ್ಬೆರಳನ್ನೂ ಪಕ್ಕದಲ್ಲಿಟ್ಟರು.

"ನೀವು ಮರ ಬಡಿಯುತ್ತೀರಿ. ನಾವು ಹೊಳೆಬಿದಿರು ಸೀಳುತ್ತೇವೆ" ಎಂದರು.

"ತೋರಿಸುತ್ತೀರಾ?" ಎಂದರು ಮಿಗ್ಮಾ ಹೆಂಗಸು.

ಸಂಜೆಯವರೆಗೂ ಅವರಿಬ್ಬರದೇ ಮಾತು. ಯಾವ ತಿಂಗಳು ಕಡಿದರೆ ಹುಳ ಬೀಳುವುದಿಲ್ಲ, ಬಣ್ಣಕ್ಕೆ ಯಾವ ಬೇರು, ಹೆಣ್ಣುಮಕ್ಕಳು ಕಲಿಯುತ್ತಾರೋ ಇಲ್ಲವೋ. ಮೇಡಂ ಮೂಲೆಯಲ್ಲಿ ಕೂತು ಒಂದಕ್ಷರ ಆಡಲಿಲ್ಲ, ಒಂದಕ್ಷರ ಬರೆಯಲಿಲ್ಲ. ನಾವು ಹೊರಟಾಗ ಆ ಹಿರಿಯರು ಕಾರಿನವರೆಗೂ ಬಂದರು.

"ಬೆಳಗ್ಗೆ ಬನ್ನಿ. ಆದರೆ ನಮ್ಮ ಹೆಸರು ಬರೆಯಬಾರದು. ನಕ್ಷೆಯಲ್ಲಿ ಇಂಥಲ್ಲೇ ಎಂದು ಚುಕ್ಕೆ ಇಡಬಾರದು."

"ಇಡುವುದಿಲ್ಲ" ಎಂದರು ಮೇಡಂ. ಕೈ ಕುಲುಕಿದರು. ಅಷ್ಟೇ ಒಪ್ಪಂದ.

ಆಮೇಲಿನ ಒಂದು ವರ್ಷ ನನ್ನ ಜೀವನದ ಒಳ್ಳೆಯ ಕಾಲ. ಹಿರಿಯರ ಅಡುಗೆಮನೆಯ ಮೇಜಿನ ಮೇಲೆ ನಾನು ಬರೆದ ನಕ್ಷೆ ಹರಡುತ್ತಿದ್ದೆವು. ಬಣ್ಣದ ಪೆನ್ಸಿಲ್ ಅವರ ಕೈಗೇ ಕೊಡುತ್ತಿದ್ದೆವು. ಬಿದಿರಿಗೆ ಹಸಿರು, ಮೀನಿಗೆ ನೀಲಿ, ಮಡಕೆಯ ಜೇಡಿಗೆ ಕೆಂಪು. ಚುಕ್ಕೆಯಲ್ಲ, ಪೆನ್ಸಿಲನ್ನು ಮಲಗಿಸಿ ಉಜ್ಜಿದ ಅಗಲವಾದ ಬಣ್ಣ. ಮುದುಕರು ಮೀನಿನ ಕಥೆ ಹೇಳುವಾಗ ಮೇಡಂ ಬೇಕೆಂದೇ ದಡ್ಡಿಯಂತೆ, "ಅಷ್ಟು ಮೀನು ನೀವೊಬ್ಬರೇ ತಿಂದಿರಾ?" ಎನ್ನುವರು. ಮುದುಕರು ನಕ್ಕು, ತಂಗಿಗೆ, ಪಾದ್ರಿಗೆ, ಕಣ್ಣು ಕಾಣದ ಚಿಕ್ಕಮ್ಮನಿಗೆ ಎಂದು ಹೇಳುತ್ತ ಹೋಗುವರು. ಹೊಳೆಯಲ್ಲಿ ಅವರ ಹಿರೀಕರು ಕಲ್ಲು ಜೋಡಿಸಿ ಕಟ್ಟಿದ ಮೀನಿನ ತಡೆಗೋಡೆ ಇತ್ತು. ಪ್ರತಿ ವಸಂತದಲ್ಲೂ ಜಾರಿದ ಕಲ್ಲನ್ನು ಮತ್ತೆ ಎತ್ತಿಡುವುದು ಅವರ ಮನೆತನದ ಕೆಲಸ. ಮುಗಿಯುವ ಹೊತ್ತಿಗೆ ನನ್ನ ಹಳದಿಯ ಜಾಗದಲ್ಲಿ ಬೆರಳಿಡುವಷ್ಟೂ ಹಳದಿ ಉಳಿದಿರಲಿಲ್ಲ.

ಇತ್ತ ಮನೆಯಲ್ಲಿ ಮೇಡಂ ಮಗಳಿಗೆ ಬೇಸರ. ಒಮ್ಮೆ ನನ್ನೆದುರೇ, "ಅಮ್ಮ ಯಾವಾಗ್ಲೂ ರಿವರ್‌ನಲ್ಲೇ ಇರ್ತಾಳೆ. ಮೈ ಕನ್ಸರ್ಟ್‌ಗೆ ಬರಲ್ಲ" ಎಂದು ಅತ್ತಳು. ಮೇಡಂ ಮುಖ ಸಣ್ಣದಾಯಿತು. ಮುಂದಿನ ಸಲ ಮಗಳನ್ನೂ ಕರೆತಂದರು. ಅವಳು ಹಿರಿಯರ ತಂಗಿಯ ಹತ್ತಿರ ಬಿದಿರು ಸೀಳಲು ಹೋಗಿ ಬೆರಳು ಕೊಯ್ದುಕೊಂಡಳು. ಆದರೂ ವಾಪಸು ಬರಲು ಒಪ್ಪಲೇ ಇಲ್ಲ.

ನಮ್ಮ ಆಫೀಸಿನ ಮುಖ್ಯಸ್ಥ ಕೆಟ್ಟವನಲ್ಲ. ನನಗೆ ಕೆಲಸ ಕೊಟ್ಟವನೂ ಅವನೇ. ಆದರೆ ಕಂಪನಿಯವರು ಅವನ ಕುತ್ತಿಗೆಯ ಮೇಲೆ ಕೂತಿದ್ದರು. ಬಣ್ಣ ಉಜ್ಜಿದ ನಕ್ಷೆ ನೋಡಿ, "ಇದು ಸುಂದರವಾಗಿದೆ. ಈಗ ನಿಖರವಾದ ಜಾಗಗಳನ್ನು ಹಾಕಿಕೊಡಿ" ಎಂದ.

"ಹಾಕುವುದಿಲ್ಲ. ಮಾತು ಕೊಟ್ಟಿದ್ದೇನೆ."

"ವರದಿ ನಮ್ಮದು, ಡಾಕ್ಟರ್. ನಿಮ್ಮ ಮಾತು ನಿಮ್ಮದು."

ಮೇಡಂ ಪೆನ್ಸಿಲ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. ಕೊನೆಯ ಬೆಂಚಿನ ದನಿಯಲ್ಲಿ, ಇಡೀ ಆಫೀಸಿಗೆ ಕೇಳುವಂತೆ, ಹೊರಗಿನವರು ಅಗೆದುಹಾಕಿದ ಆ ಜನರ ಗೋರಿಗಳ ಕಥೆಯನ್ನು ಹೇಳಿದರು. ಆತ ತಲೆ ತಗ್ಗಿಸಿದ. ಆದರೆ ಸಂಜೆ ನನ್ನ ಮೇಜಿಗೆ ಬಂದು, "ನೀನೂ ಹೋಗಿದ್ದೆಯಲ್ಲ, ನೀನೇ ಗುರುತು ಹಾಕಬಹುದಲ್ಲ?" ಎಂದ. ಆ ಕೆಲಸದ ಮೇಲೆಯೇ ನಮ್ಮ ಮನೆ ನಡೆಯುತ್ತಿತ್ತು, ಗಂಡ ಇನ್ನೂ ಓದುತ್ತಿದ್ದರು. ಆದರೂ "ಆಗಲ್ಲ, ಸರ್" ಎಂದೆ.

ಮೇಡಂಗೆ ಇದು ತಿಳಿದು ನನ್ನನ್ನೇ ಬೈದರು. "ನಿನಗ್ಯಾಕೆ ಬೇಕಿತ್ತು? ನಂಗೊತ್ತಿಲ್ಲ ಅಂದ್ಬಿಟ್ಟಿದ್ರೆ ಮುಗೀತಿತ್ತು!" ಬೈದು ಮುಗಿಸಿ, ಊಟದ ಡಬ್ಬಿಯಲ್ಲಿದ್ದ ಕೊಬ್ಬರಿ ಮಿಠಾಯಿ ಅಷ್ಟನ್ನೂ ನನ್ನ ಕೈಗೆ ಹಾಕಿದರು.

ಚುಕ್ಕೆಯಿಲ್ಲದ ನಕ್ಷೆಯೇ ವರದಿಯಲ್ಲಿ ಹೋಯಿತು. ಅದರ ಸಾರ್ವಜನಿಕ ವಿಚಾರಣೆ ನಡೆದದ್ದು ಅಲ್ಲಿಯ ಶಾಲೆಯ ಜಿಮ್ನೇಷಿಯಮ್ಮಿನಲ್ಲಿ. ಸಮುದಾಯದವರೆಲ್ಲ ಭಾನುವಾರದ ಬಟ್ಟೆ ಹಾಕಿಕೊಂಡು ಬಂದಿದ್ದರು. ಕಂಪನಿಯ ವಕೀಲ ನಮ್ಮ ನಕ್ಷೆಯನ್ನು ಎತ್ತಿ ಹಿಡಿದ.

"ಇದರಲ್ಲಿ ಒಂದಾದರೂ ಜಾಗವನ್ನು ಇದೇ ಎಂದು ತೋರಿಸಬಲ್ಲಿರಾ, ಡಾಕ್ಟರ್?"

"ಬಲ್ಲೆ. ತೋರಿಸುವುದಿಲ್ಲ."

ಸಭೆಯಲ್ಲಿ ಗುಜುಗುಜು. "ಅಂದರೆ ನಾವು ನಿಮ್ಮ ಮಾತನ್ನು ನಂಬಬೇಕು?"

"ನನ್ನ ಮಾತನ್ನು ನಂಬಬೇಡಿ. ಆ ಜಾಗಗಳು ನನ್ನವಲ್ಲ, ನಾನು ಕೊಡುವುದಕ್ಕೆ. ಅವರು ಇಲ್ಲೇ ಕೂತಿದ್ದಾರೆ. ಅವರನ್ನು ಕೇಳಿ."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಸಭೆಯ ಕಡೆ ನೋಡಿದರು. ಬಹಳ ಹೊತ್ತು ಯಾರೂ ಏಳಲಿಲ್ಲ. ಮೇಡಂ ಮಾತ್ರ ಕೈಕಟ್ಟಿ ನಿಂತೇ ಇದ್ದರು, ಹಿಂತಿರುಗಿ ಅವರ ಕಡೆ ನೋಡಲೂ ಇಲ್ಲ. ಹಾಗೆ ನೋಡಿದರೂ ಒತ್ತಾಯ ಮಾಡಿದಂತೆ ಎಂದು ಆಮೇಲೆ ಹೇಳಿದರು. ಕೊನೆಗೆ ಚರ್ಚಿನ ಹಿರಿಯರು ಪಕ್ಕದ ತಂಗಿಯ ಕಿವಿಯಲ್ಲಿ ಏನೋ ಕೇಳಿ, ಎದ್ದು ನಿಂತರು.

"ನೀವು ಬೂಟು ಹಾಕಿಕೊಂಡು ಬನ್ನಿ. ನಡೆದುಕೊಂಡು ಹೋಗೋಣ, ಎಲ್ಲ ತೋರಿಸುತ್ತೇವೆ. ಕ್ಯಾಮೆರಾ ಬೇಡ, ಕಾಗದ ಬೇಡ."

ವಕೀಲ ಆಕ್ಷೇಪಿಸಿದ. ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ನಾಳೆ ಬೆಳಗ್ಗೆ ಬರುತ್ತೇನೆ" ಎಂದರು.

ಆ ನಡಿಗೆಗೆ ಮೇಡಂ ಹೋಗಲಿಲ್ಲ. "ನಂಗೇನ್ ಕೆಲಸ ಅಲ್ಲಿ? ಅವರ ಮನೆ, ಅವರು ತೋರಿಸ್ತಾರೆ" ಎಂದು ಮೋಟೆಲಿನಲ್ಲಿ ಸೀರೆ ಇಸ್ತ್ರಿ ಮಾಡುತ್ತ ಕೂತರು. ಒಂದೇ ಸೀರೆಯನ್ನು ಮೂರು ಸಲ ಇಸ್ತ್ರಿ ಮಾಡಿದ್ದನ್ನು ನಾನು ನೋಡಿದೆ. ಅಧಿಕಾರಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮಧ್ಯಾಹ್ನ ವಾಪಸು ಬಂದರು. ತಾವು ಕಣ್ಣಾರೆ ಕಂಡದ್ದಾಗಿಯೂ, ಆ ನೆಲ ಬಳಕೆಯಲ್ಲಿರುವುದಾಗಿಯೂ ತಮ್ಮ ಆದೇಶದಲ್ಲಿ ಬರೆದರು, ಜಾಗದ ಗುರುತು ಇಲ್ಲದೆ.

ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ. ರಸ್ತೆಯನ್ನು ಮತ್ತು ಮಣ್ಣು ಸುರಿಯುವ ಜಾಗವನ್ನು ಬದಲಾಯಿಸಬೇಕಾಯಿತು. ಮೇಲಿನ ಜೇಡಿಯ ದಂಡೆ ಉಳಿಯಿತು. ಆ ಜನ ಎಂದಿನಂತೆ ಒಳಗೆ ಹೋಗಿಬರಬಹುದು ಎಂಬ ಷರತ್ತು ಪರವಾನಗಿಯಲ್ಲಿ ಸೇರಿತು. ಕೆಳಗಿನ ಬಿದಿರುಮೆಳೆ ಮುಳುಗುವುದು ಖಂಡಿತವಾಯಿತು. ಅದನ್ನು ಕಿತ್ತು ಬೇರೆಡೆ ನೆಡಲು ಕಂಪನಿ ಒಪ್ಪಿತು. ಮೀನಿನ ಕಲ್ಲುಗೋಡೆಗೆ ಮಾತ್ರ ಏನೂ ಮಾಡಲಾಗಲಿಲ್ಲ. ಕನ್ನಡದವರೆಲ್ಲ ಮನೆಯಿಂದ ಅಡುಗೆ ತಂದು ಸೇರುವ ಯುಗಾದಿಯ ಪಾಟ್‌ಲಕ್ಕಿನಲ್ಲಿ ಡಾಕ್ಟರರೊಬ್ಬರು, "ಕಂಗ್ರಾಚುಲೇಷನ್ಸ್, ಕಂಪನಿ ಮೇಲೆ ಗೆದ್ರಂತಲ್ಲ!" ಎಂದಾಗ ಮೇಡಂ ತಟ್ಟೆ ಕೆಳಗಿಟ್ಟು, "ಯಾರು ಗೆದ್ದಿದ್ದು? ಹೊಳೆ ಮುಳುಗ್ತಿದೆ" ಎಂದು ಎದ್ದುಹೋದರು.

ನಮ್ಮ ಆಫೀಸು ಅವರಿಗೆ ಮತ್ತೆ ಹೊರಗಿನ ಕೆಲಸ ಕೊಡಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಗಂಡನಿಗೆ ಕೆರೊಲಿನಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲಿಗೇ ಹೋಗಿ, ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು. ಅಲ್ಲಿಂದ ಮುಂದೆ, ಸಾಯುವವರೆಗೂ, ವರ್ಷದ ಬಹುಪಾಲು ಶನಿವಾರಗಳು ಆ ಹೊಳೆಯ ಜನರ ಜತೆಗೆ.

ಅಣೆಕಟ್ಟಿನ ಉದ್ಘಾಟನೆಗೆ ಎಂಬತ್ತನೇ ಇಸವಿಯ ಹೊತ್ತಿಗೆ ದಿನ ಗೊತ್ತಾಯಿತು. ಮೇಡಂ ನನ್ನನ್ನೂ ಬರಹೇಳಿದರು. ನಾನು ಸಮಾರಂಭಕ್ಕೆಂದುಕೊಂಡು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಹೋದರೆ, ಮೇಡಂ ಗಂಬೂಟಿನಲ್ಲಿ, ಗುದ್ದಲಿ ಹಿಡಿದು, ದಿಣ್ಣೆಯ ಮೇಲಿನ ಹೊಸ ಜಾಗದಲ್ಲಿದ್ದಾರೆ. ಪಕ್ಕದಲ್ಲಿ ಚರ್ಚಿನ ಹಿರಿಯರು, ಅವರ ತಂಗಿ, ನೆಂಟರಿಷ್ಟರು. ಕೆಳಗಿನಿಂದ ಕಿತ್ತು ತಂದ ಬಿದಿರಿನ ಬೇರುಗಡ್ಡೆಗಳು ಒದ್ದೆ ಗೋಣಿಯಲ್ಲಿದ್ದವು. ಹಿಂದಿನ ವಾರಗಳಲ್ಲಿ ನೆಟ್ಟದ್ದರಲ್ಲಿ ಎಷ್ಟೋ ಒಣಗಿ ಹೋಗಿತ್ತು. ದೂರದಲ್ಲಿ ಡೇರೆ, ಬಾವುಟ, ಬ್ಯಾಂಡು. ಧ್ವನಿವರ್ಧಕದಲ್ಲಿ ಯಾರದೋ ಭಾಷಣ.

"ಮೇಡಂ, ಇಲ್ಲಿಂದ ನೀರು ಏರೋದು ಕಾಣ್ಸತ್ತೆ" ಎಂದೆ.

"ನೀನು ನೋಡ್ಕೊಂಡು ಬಾ."

ಮುದುಕರೂ ಆ ಕಡೆ ತಿರುಗಲಿಲ್ಲ. ಅವರ ಕಲ್ಲುಗೋಡೆ ಆ ವಾರವೇ ನೀರೊಳಗೆ ಹೋಗಿತ್ತು. ಗುಂಡಿಯ ಪಕ್ಕ ಮಂಡಿಯೂರಿ, ಬೇರಿನ ಸುತ್ತ ಮಣ್ಣನ್ನು ಎರಡೂ ಅಂಗೈಯಿಂದ ಒತ್ತುತ್ತಿದ್ದರು. ಒಮ್ಮೆ ಅವರ ಕೈ ನಿಂತುಬಿಟ್ಟಿತು. ಮೇಡಂ ಅವರ ಎದುರಿಗೆ ಕೂತು, ಆ ಗುಂಡಿಯ ಉಳಿದ ಮಣ್ಣನ್ನು ತಾವೇ ಒತ್ತಿ ಮುಗಿಸಿದರು. ನಾನು ರೇಷ್ಮೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೋಣಿ ಎಳೆದುಕೊಂಡು ಬಂದೆ.

ಮಧ್ಯಾಹ್ನದ ಹೊತ್ತಿಗೆ ಕೆರೊಲಿನಾದ ಬೇಸಿಗೆಯ ಮಳೆ ಒಮ್ಮೆಗೇ ಸುರಿಯಿತು. ಬ್ಯಾಂಡಿನವರು ವಾದ್ಯ ತಬ್ಬಿಕೊಂಡು ಓಡಿದರು. ಡೇರೆಯ ಒಂದು ಮಗ್ಗುಲು ಕುಸಿದು ಬಿತ್ತು. ದಿಣ್ಣೆಯ ಮೇಲೆ ಯಾರೂ ಕದಲಲಿಲ್ಲ. ಮೇಡಂ ಆಕಾಶಕ್ಕೆ ಮುಖವೆತ್ತಿದರು, ಕನ್ನಡಕದ ಮೇಲೆ ನೀರು ಹರಿಯುತ್ತಿತ್ತು.

"ಒಳ್ಳೇದೇ ಆಯ್ತು ಕಣಮ್ಮ" ಎಂದರು. "ಇವತ್ತು ಯಾರೂ ಗಿಡಕ್ಕೆ ನೀರು ಹೊರಬೇಕಾಗಿಲ್ಲ. ಆ ಇನ್ನೊಂದು ಗೋಣೀನೂ ಈ ಕಡೆ ಎಳಿ."